ಕಾಂಡ್ರೈಟ್‌ಗೆ ‘ಕಾಳುಗಲ್ಲು’ ಅಂದರೆ, 3ನೇ ಬಗೆಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಲ್ಲಿ ನಮ್ಮ ಶಾಲೆಯ ಗೋಡೆಪತ್ರಿಕೆಗೆ ಉಲ್ಕಾಶಿಲೆಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ನೆರವು ಬೇಕು.

ಕಾಂಡ್ರೈಟ್ ಎಂಬ ಬಗೆಯ ಉಲ್ಕಾಶಿಲೆಗಳಲ್ಲಿ ಕಾಂಡ್ರೂಲ್ ಎಂಬ ಸಣ್ಣ ಗುಂಡುಗಳಿರುತ್ತವೆ. ಗ್ರೀಕ್‌ನ ಕಾಂಡ್ರೋಸ್ ಅಂದರೆ ಕಾಳು. ಚಿತ್ರ ನೋಡಿದ ಹುಡುಗಿಯೊಬ್ಬಳು ‘ಸರ್, ಜೋಳದ ನುಚ್ಚು ಇದ್ದಂಗ ಐತ್ರಿ’ ಅಂದಳು. ನನಗೆ ಆ ಮಾತು ತುಂಬಾ ಹಿಡಿಸಿತು. ಆದರೆ ನುಚ್ಚು ಒಡೆದದ್ದು, ಅದಕ್ಕೆ ಮೂಲೆಗಳಿರುತ್ತವೆ. ಕಾಂಡ್ರೂಲ್ ಹಾಗಲ್ಲ. ಕರಗಿದ ಹನಿ ಬಾಹ್ಯಾಕಾಶದಲ್ಲಿ ತೇಲುತ್ತಲೇ ಆರಿ ಗಟ್ಟಿಯಾದದ್ದು ಅದು. ಹಲವು ಗುಂಪುಗಳಲ್ಲಿ ಒಂದು ಮಿಲಿಮೀಟರಿಗಿಂತ ಚಿಕ್ಕದು, ಹೆಚ್ಚೂಕಡಿಮೆ ಗಸಗಸೆಯಷ್ಟು. ಅದಕ್ಕೇ ‘ಕಾಳು’, ಕಲ್ಲಿಗೆ ‘ಕಾಳುಗಲ್ಲು’ ಅಂದುಕೊಂಡೆ. ಬೀಸುಗಲ್ಲು, ಮೈಲಿಗಲ್ಲುಗಳ ಸಾಲಿಗೆ ಅದು ಸೇರುತ್ತದೆ ಅಲ್ವಾ?

ಇವನ್ನು ‘ಪ್ರಾಚೀನ ಶಿಲೆ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಒಮ್ಮೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾದ ಕೆಲವು ಉಲ್ಕಾಶಿಲೆಗಳಿಗೂ ಸುಮಾರು 456 ಕೋಟಿ ವರ್ಷವಾಗಿದೆ. ಇಲ್ಲಿ ಮುಖ್ಯವಾದದ್ದು ವಯಸ್ಸಲ್ಲ. ಕಾಳುಗಳೆಲ್ಲ ಕೂಡಿಕೊಂಡು ಕಲ್ಲಾದ ಮೇಲೆ ಇಡೀ ಕಲ್ಲು ಯಾವತ್ತೂ ಕರಗಿಲ್ಲ ಅನ್ನುವುದು ಮುಖ್ಯ. ‘ಕರಗದ ಕಲ್ಲು’ ಅಂದರೆ ಮಕ್ಕಳಿಗೆ ನೇರವಾಗಿ ತಿಳಿಯುತ್ತದೆ.

ಇನ್ನು ನಿಜವಾದ ತೊಡಕು. 1967ರಲ್ಲಿ ವ್ಯಾನ್ ಶ್ಮಸ್ ಮತ್ತು ವುಡ್ ಎಂಬ ವಿಜ್ಞಾನಿಗಳು ಈ ಕಲ್ಲುಗಳಿಗೆ 1ರಿಂದ 6ರವರೆಗೆ ಅಂಕಿ ಕೊಟ್ಟರು. ಮಕ್ಕಳು 1 ಅಂದರೆ ಎಲ್ಲಕ್ಕಿಂತ ಶುದ್ಧ ಅಂದುಕೊಳ್ಳುತ್ತಾರೆ. ಹಾಗಲ್ಲ. ತುಂಬಾ ಕಡಿಮೆ ಬದಲಾದದ್ದು 3. ಅಲ್ಲಿಂದ 2, 1ರ ಕಡೆ ಹೋದರೆ ನೀರು ಖನಿಜಗಳನ್ನು ಬದಲಿಸಿದೆ. 4, 5, 6ರ ಕಡೆ ಹೋದರೆ ಕಾವು ಬದಲಿಸಿದೆ, ಕಾಳಿನ ಅಂಚು ಮಸುಕಾಗುತ್ತಾ ಹೋಗುತ್ತದೆ. 1ರಲ್ಲಂತೂ ಕಾಳು ಕಣ್ಣಿಗೆ ಬೀಳುವುದೇ ಇಲ್ಲ ಅನ್ನಬಹುದು. ಆದರೂ ಅದು ಕಾಂಡ್ರೈಟೇ. ಯಾಕೆಂದರೆ ಹೈಡ್ರೋಜನ್, ಹೀಲಿಯಂನಂಥ ಅನಿಲಗಳನ್ನು ಬಿಟ್ಟರೆ ಅದರಲ್ಲಿರುವ ಮೂಲವಸ್ತುಗಳ ಬೆರಕೆ ಸೂರ್ಯನ ಬೆರಕೆಗೆ ಬಹಳ ಹತ್ತಿರ.

1, 2ಕ್ಕೆ ‘ನೆಂದ’, 4ರಿಂದ 6ಕ್ಕೆ ‘ಬೆಂದ’ ಅಂತ ಬರೆದೆ. ನೆಂದ ಕಾಳು, ಬೆಂದ ಕಾಳು ನಮ್ಮ ಮನೆಮಾತೇ. 3ಕ್ಕೆ ‘ಹಸಿ’ ಅನ್ನಲು ಹೋದರೆ, ಹಸಿ ಅಂದರೆ ಬೇಯದ್ದು, ಒದ್ದೆಯಾದದ್ದು ಎರಡೂ ಆಗುತ್ತದೆ. ‘ಹಸಿ ನೆಲ’ ಅನ್ನುತ್ತೇವಲ್ಲ. ಆಗ ಅದು 2ರ ಜೊತೆ ಕಲೆತುಹೋಗುತ್ತದೆ. ಮಧ್ಯಪ್ರದೇಶದ ಸೆಮರ್ಕೋನಾದಲ್ಲಿ 1940ರಲ್ಲಿ ಬಿದ್ದ ಕಲ್ಲಿಗೆ 3.00 ಎಂಬ ಅಂಕಿ, ಅಂದರೆ 3ನೇ ಬಗೆಯೊಳಗಿನ ಅತಿ ಚಿಕ್ಕ ಅಂಕಿ, ಇದೆ. ನಮ್ಮ ದೇಶದ ಇಂಥ ಕಲ್ಲಿಗೆ ಒಳ್ಳೆಯ ಕನ್ನಡ ಪದ ಇರಲಿ ಅಂತ ಆಸೆ.

ನೆನೆಸದ, ಬೇಯಿಸದ ಕಾಳಿಗೆ ನಿಮ್ಮ ಕಡೆ ಬೇರೆ ಪದ ಇದೆಯೇ? ‘ಒಣ’ ಸಾಕೇ?