ಸಹಾಯ ಬೇಕು: ಸೈಲೆನ್ಸರ್ ನಟ್ ಜಪ್ಪಯ್ಯ ಅಂದ್ರೂ ಬಿಚ್ಚುತ್ತಿಲ್ಲ

ಮನೆಯಲ್ಲೇ ಕಾರಿನ ಸೈಲೆನ್ಸರ್ ಬದಲಾಯಿಸಲು ಹೊರಟು ಸಿಕ್ಕಿಹಾಕಿಕೊಂಡಿದ್ದೇನೆ. ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಹೊರಬರುವ ಕೊಳವೆಗಳ ಜೋಡಣೆ) ಹತ್ತಿರದ ಮೂರು ನಟ್‌ಗಳಲ್ಲಿ ಒಂದು ಮಾತ್ರ ಬಿಚ್ಚಿತು. ಇನ್ನೊಂದರ ಮೂಲೆಗಳು ಸವೆದು ದುಂಡಗಾಗಿವೆ. ತಪ್ಪು ನನ್ನದೇ, 6 ಮೂಲೆಯ ಸಾಕೆಟ್ ಬಿಟ್ಟು 12 ಮೂಲೆಯದು ಹಾಕಿದ್ದೆ. ಮೂರನೆಯದು ತಿರುಗುವ ಬದಲು ಸ್ಪ್ರಿಂಗ್ ತರಹ ಎಳೆಯುತ್ತದೆ. ಸ್ಟಡ್ (ನಟ್ ಕೂರುವ ಮರೆಯ ಸರಳು) ಮುರಿಯುವ ಸೂಚನೆ ಅಲ್ವಾ? ಹೆದರಿ ನಿಲ್ಲಿಸಿದೆ.

ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ರಾತ್ರಿ ಬಿಟ್ಟಿದ್ದಾಯಿತು. ಸ್ವಲ್ಪ ಬಿಗಿ ಮಾಡಿ, ಸ್ವಲ್ಪ ಸಡಿಲಿಸಿಯೂ ನೋಡಿದೆ. ಇನ್ನು ಉಳಿದಿರುವುದು ಕಾಯಿಸುವುದು. ಗ್ಯಾಸ್ ಟಾರ್ಚ್ ಇದೆ, ಆದರೆ ಆಕ್ಸಿಜನ್ ಸೆನ್ಸರ್ ವೈರ್ ಪಕ್ಕದಲ್ಲೇ ಇದೆ. ಸುತ್ತ ಎಣ್ಣೆ ಬೇರೆ ಜಾಸ್ತಿ ಸುರಿದಿದ್ದೇನೆ! ಪೂರ್ತಿ ಒರೆಸಿ ನಟ್ ಮಾತ್ರ ಕಾಯಿಸಲೇ, ಅಥವಾ ಸುಮ್ನೆ ನಟ್ ಸ್ಪ್ಲಿಟರ್ ತಂದು ಸೀಳುವುದು ವಾಸಿಯೇ? ಕೈಯಾರೆ ಮಾಡಿದವರು ಹೇಳಿ. ಕಾರು ಇನ್ನೂ ಸ್ಟ್ಯಾಂಡ್ ಮೇಲೇ ಇದೆ.