ಭುಜದ ಆಪರೇಷನ್ ಆದ ಮ್ಯಾಲೆ ಬೆಲ್ಟ್ ಯಾವಾಗ ಬಿಚ್ಚೂದು, ಎಐ ಹೇಳಿದ್ದು ಕೇಳಬಹುದೇನ್ರಿ?

ಪ್ರಶ್ನೆ (ಗದಗ): ನಮಸ್ಕಾರ್ರೀ ಸರ್. ನಮ್ಮ ಅವ್ವ ಬಚ್ಚಲದಾಗ ಜಾರಿ ಬಿದ್ದು ಬಲಗೈ ಎತ್ತಾಕ ಬರದಂಗ ಆಗಿತ್ತು, ಎಂಆರ್‌ಐ ಒಳಗ ರೊಟೇಟರ್ ಕಫ್ (ಭುಜದ ಕೀಲಿನ ಸುತ್ತ ಇರೋ ಸ್ನಾಯುಗಳ ಗುಂಪು) ಹರದೈತಿ ಅಂತ ಬಂತು, ಹುಬ್ಬಳ್ಳ್ಯಾಗ ದುರ್ಬೀನ್ ಆಪರೇಷನ್ ಮಾಡಿಸಿದ್ವಿ, ಈಗ ಮೂರು ವಾರ ಆತು. ನೋವು ಕಮ್ಮಿ ಆಗೈತಿ, ಹಿಂಗಾಗಿ ಬೆಲ್ಟ್ (ಕೈ ತೂಗು ಹಾಕೋ ಪಟ್ಟಿ) ಬಿಚ್ಚು ರೊಟ್ಟಿ ಬಡೀತೇನಿ ಅಂತ ಗಂಟು ಬಿದ್ದಾಳ. ನಾನು ಎಐ ಚಾಟ್‌ಬಾಟ್‌ಗೆ ಕೇಳಿದೆ. ಒಮ್ಮೆ "ಭುಜದ ಆಪರೇಷನ್ ಆಗೈತಿ" ಅಂತ ಕೇಳಿದ್ರ ಲಗೂನ ಕೈ ಆಡಿಸ್ರಿ ಇಲ್ಲಾಂದ್ರ ಬಿಗೀತೈತಿ ಅಂತು, ಇನ್ನೊಮ್ಮೆ ರೊಟೇಟರ್ ಕಫ್ ಅಂತ ಹೆಸರು ಹಾಕಿ ಕೇಳಿದ್ರ ಆರು ವಾರ ಬೆಲ್ಟ್ ಇರ್ಲಿ ಅಂತು. ಯಾವುದು ಖರೇ? ಶುಗರ್ ಬ್ಯಾರೆ ಐತ್ರಿ ಅವ್ವಗ.

ಉತ್ತರ (ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ): ಬೆಲ್ಟ್ ಬಿಚ್ಚಬ್ಯಾಡ್ರಿ, ರೊಟ್ಟಿ ಅಂತೂ ಬ್ಯಾಡೇ ಬ್ಯಾಡ. ನಾಳೆನ ಆಪರೇಷನ್ ಮಾಡಿದ ಡಾಕ್ಟರ್‌ಗೆ ಫೋನ್ ಹಚ್ರಿ.

ಮಜಾ ಅಂದ್ರ ಆ ಎರಡೂ ಉತ್ತರ ಖರೇನ ಅದಾವ, ಆದ್ರ ಬ್ಯಾರೆ ಬ್ಯಾರೆ ಪೇಶಂಟ್‌ಗೆ. ಫ್ರೋಜನ್ ಶೋಲ್ಡರ್ (ಬಿಗಿದು ಹೋದ ಭುಜ) ಆಪರೇಷನ್ ಮಾಡಿ ಬಿಡಿಸಿದ್ರ ಮರುದಿನದಿಂದನ ಕೈ ಆಡಿಸಬೇಕು, ನಾವು ಬೈದು ಆಡಿಸ್ತೇವಿ. ನಿಮ್ಮ ಅವ್ವನಂಗ ರೊಟೇಟರ್ ಕಫ್ ಹರದು, ಆ ಟೆಂಡನ್ (ಸ್ನಾಯುವನ್ನ ಎಲುಬಿಗೆ ಕೂಡಿಸೋ ಗಟ್ಟಿ ನಾರು) ಎಲುಬಿಗೆ ಆಂಕರ್ (ಸಣ್ಣ ಮೊಳಿ) ಹಾಕಿ ಹೊಲದಿದ್ರ ಸಾಮಾನ್ಯವಾಗಿ 4ರಿಂದ 6 ವಾರ ಬೆಲ್ಟ್, ಆಮ್ಯಾಲೆ ನಿಧಾನಕ್ಕ ಸ್ವಂತ ಬಲದಿಂದ ಎತ್ತೂದು, ಭಾರದ ವ್ಯಾಯಾಮ 12 ವಾರದ ಆಚೆ. ನೋವು ಹೋತು ಅಂದ್ರ ಟೆಂಡನ್ ಕೂಡೇತಿ ಅಂತ ಅಲ್ಲ, ಗಟ್ಟಿಯಾಗಿ ಹಿಡ್ಕೊಳ್ಳಾಕ ಅದಕ್ಕ ಮೂರು ತಿಂಗಳ ಹತ್ರ ಬೇಕು, ಶುಗರ್ ಇದ್ದವರಿಗೆ ಇನ್ನೂ ತಡ ಆಗಬಹುದು, ಮ್ಯಾಲೆ ಅವರಿಗೆ ಭುಜ ಬಿಗಿಯೂದೂ ಜಾಸ್ತಿ, ಹಿಂಗಾಗಿ ಅವರದು ನಾಜೂಕಿನ ಕೆಲಸ.

ಆಪರೇಷನ್ ನೋಟ್ಸ್ ನೋಡದ ನಾನೂ ಹೇಳಾಕ ಆಗೂದಿಲ್ಲ ನೋಡ್ರಿ. ಎಷ್ಟು ಹರದಿತ್ತು, ಒಂದ ಟೆಂಡನ್ನೋ ಎರಡೋ, ಹೊಲಿಗಿ ಹಿಡಿಯುವಷ್ಟು ಗಟ್ಟಿ ಇತ್ತೋ ಇಲ್ಲೋ, ಇದೆಲ್ಲಾ ಒಳಗ ಕ್ಯಾಮೆರಾ ಹಾಕಿ ನೋಡಿದವರಿಗೆ ಗೊತ್ತು. ಬೈಸೆಪ್ಸ್ (ತೋಳಿನ ಮುಂದಿನ ಸ್ನಾಯು) ಟೆಂಡನ್ನೂ ಕೂಡಿಸಿದ್ರ ಮೊಣಕೈ ಮಡಚೂದಕ್ಕೂ ಕೆಲ ವಾರ ನಿರ್ಬಂಧ ಇರ್ತೈತಿ, ಆದ್ರ ಎಐ "ಮೊಣಕೈ ಆರಾಮ ಆಡಿಸ್ರಿ" ಅಂತ ಹೇಳೇ ಬಿಡ್ತೈತಿ. ಅದೂ ಎಷ್ಟು ಭರವಸೆಯಿಂದ ಹೇಳ್ತೈತಿ ಅಂದ್ರ ಓದಿದವರಿಗೆ ಸಂಶಯನ ಬರಾಂಗಿಲ್ಲ.

ಕಾಮೆಂಟ್ (ಹಾವೇರಿ): ಸರ್, ಎಂಆರ್‌ಐ ರಿಪೋರ್ಟ್ ಫೋಟೋ ಹೊಡದು ಎಐಗೆ ಹಾಕಿದ್ರ ಆಪರೇಷನ್ ಬೇಕೋ ಬ್ಯಾಡೋ ಹೇಳ್ತೈತೇನ್ರಿ? ನಮ್ಮ ಮಾವಗ ಕೇಳ್ತಿದ್ದೆ.

ಉತ್ತರ: ಶಬ್ದದ ಅರ್ಥ ಚೊಲೋ ಹೇಳ್ತೈತಿ, ಸುಪ್ರಾಸ್ಪೈನೇಟಸ್ ಅಂದ್ರೇನು, ಪಾರ್ಶಿಯಲ್ ಟೇರ್ ಅಂದ್ರೇನು ಅಂತ, ಅದಕ್ಕ ಬಳಸ್ರಿ, ಹೆಸರು ಆಸ್ಪತ್ರೆ ನಂಬರ್ ಮುಚ್ಚಿ ಹಾಕ್ರಿ. ತೀರ್ಮಾನ ಬ್ಯಾಡ. 60 ದಾಟಿದವರಾಗ ಎಷ್ಟೋ ಮಂದಿಗೆ ಟೆಂಡನ್ ಹರದಿರ್ತೈತಿ, ನೋವ ಇರೂದಿಲ್ಲ. ಕೈ ಎತ್ತಿಸಿ, ಒತ್ತಿ, ಬಲ ನೋಡಿನ ಹೇಳಬೇಕು. ರಕ್ತ ತೆಳು ಮಾಡೋ ಗುಳಿಗಿ, ಶುಗರ್ ಗುಳಿಗಿ ಯಾವಾಗ ನಿಲ್ಲಿಸೂದು ಅಂತೂ ಚಾಟ್‌ಬಾಟ್ ಕೇಳಿ ಮಾಡಲೇಬ್ಯಾಡ್ರಿ.

ಕಾಮೆಂಟ್ (ಧಾರವಾಡ): ನಾ ಕೇಳಿದ್ದಕ್ಕ ಯಾವುದೋ ರಿಸರ್ಚ್ ಪೇಪರ್ ಹೆಸರು ಕೊಡ್ತು, ಹುಡುಕಿದ್ರ ಅಂಥಾದ್ದು ಇಲ್ಲೇ ಇಲ್ರಿ 😀

ಉತ್ತರ: ಹೌದ್ರಿ, ಇಲ್ಲದ ಪೇಪರ್ ಹುಟ್ಟಿಸೂದು ಅದರ ಹಳೇ ಚಟ.

ಪ್ರಶ್ನೆ ಹಾಕಿದವರು: ಅವ್ವಗ ಓದಿ ಹೇಳಿದೆ, ಸಿಟ್ಟಾಗ್ಯಾಳ ಆದ್ರ ಬೆಲ್ಟ್ ಐತಿ. ಡಾಕ್ಟರ್‌ಗೆ ಏನೇನು ಕೇಳ್ಲಿ ಸರ್?

ಉತ್ತರ: ಯಾವ ಟೆಂಡನ್, ಎಷ್ಟು ಹರದಿತ್ತು, ಬೈಸೆಪ್ಸ್ ಮುಟ್ಟಿರೇನು, ಬೆಲ್ಟ್ ಯಾವತ್ತಿನ ತನಕ, ಮಲಗುವಾಗೂ ಬೇಕೇನು, ಫಿಸಿಯೋ ಯಾವಾಗ ಶುರು, ಇಷ್ಟು ಬರಕೊಂಡು ಹೋಗ್ರಿ, ಎಐಗೆ ಹೇಳಿದ್ರ ಇನ್ನೂ ನಾಕು ಪ್ರಶ್ನೆ ಕೂಡಿಸಿ ಕೊಡ್ತೈತಿ, ಇದಕ್ಕ ಅದು ಖರೇನ ಉಪಯೋಗ. ಡಿಸ್ಚಾರ್ಜ್ ಸಮರಿ ಮರೀಬ್ಯಾಡ್ರಿ. ನಡುವ ಜ್ವರ ಬಂದ್ರ, ಗಾಯದಾಗ ಕೀವು ಬಂದ್ರ, ಬೆರಳು ಜೋಮು ಹಿಡದ್ರ ಅಥವಾ ಉಸಿರು ಕಟ್ಟಿದಂಗ ಆದ್ರ ಮೊಬೈಲ್ ನೋಡ್ಕೋತ ಕೂಡ್ರಬ್ಯಾಡ್ರಿ, ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ.