ಮೊದಲ ವಾರ 22 ಜನ, ಐದನೇ ವಾರ ಮೂವರು. ಎಲ್ಲಿ ಎಡವಿದೆ?

ತುಂಗಾತೀರ:
ಶಿವಮೊಗ್ಗದ ದುರ್ಗಿಗುಡಿಯಲ್ಲಿ ಗೆಳೆಯನ ಟ್ಯೂಷನ್ ಕೊಠಡಿ ಇದೆ. ಅಲ್ಲಿ ಭಾನುವಾರ ಸಂಜೆ ಆರಕ್ಕೆ ಓಪನ್ ಸೋರ್ಸ್ (ಯಾರು ಬೇಕಾದರೂ ನೋಡಿ ತಿದ್ದಬಹುದಾದ ತಂತ್ರಾಂಶ) ಕೂಟ ಶುರು ಮಾಡಿದೆ. ಹಳೇ ಲ್ಯಾಪ್‌ಟಾಪ್‌ಗಳಿಗೆ ಉಬುಂಟು ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಟ್ಟಿದ್ದೆ. ಮೊದಲ ದಿನ 22 ಹುಡುಗ ಹುಡುಗಿಯರು ಬಂದರು, ಬೋಂಡಾ ಸಾಲಲಿಲ್ಲ. ಐದನೇ ವಾರ ಮೂವರು. ಅದರಲ್ಲೊಬ್ಬ ಗೆಳೆಯನ ತಮ್ಮ, ಅವನನ್ನು ಲೆಕ್ಕಕ್ಕೆ ಹಿಡಿಯಬಾರದು.

ಕೆಲಸ ಕಷ್ಟದ್ದೇನಲ್ಲ. ಟಿಪ್ಪಣಿ ಬರೆದಿಡುವ ಒಂದು ಆ್ಯಪ್, ಅದಕ್ಕೆ ಕನ್ನಡ ಅನುವಾದ. ಫೈಲುಗಳಲ್ಲಿ ಯಾರು ಏನು ಬದಲಿಸಿದರು ಅಂತ ಲೆಕ್ಕ ಇಡುವ ಗಿಟ್ ಹೇಳಿಕೊಟ್ಟೆ, ‘ನನ್ನ ಬದಲಾವಣೆ ಸೇರಿಸಿಕೊಳ್ಳಿ’ ಅಂತ ಕೇಳುವ ಪುಲ್ ರಿಕ್ವೆಸ್ಟ್ ಕಳಿಸುವುದನ್ನು ತೋರಿಸಿದೆ. ‘ಬರ್ತೀವಿ ಸಾರ್’ ಅಂದವರು ಈಗ ಫೋನೇ ಎತ್ತುತ್ತಿಲ್ಲ. ಇಂಗ್ಲಿಷ್ ಭಯವಾ? ಆಸಕ್ತಿಯೇ ಇಲ್ವಾ?

ಹೊಸನಗರದವಳು:
ಸಾರ್, ಆ 22ರಲ್ಲಿ ನಾನೂ ಒಬ್ಬಳು. ಬೇಜಾರು ಮಾಡ್ಕೋಬೇಡಿ, ಇದ್ದದ್ದು ಹೇಳ್ತೀನಿ.

ಏಳಕ್ಕೆ ನೀವು ಗಿಟ್ ಶುರು ಮಾಡಿದಿರಿ. ನನ್ನ ತಲೆಯಲ್ಲಿ ಊರಿನ ಬಸ್ಸು ಓಡುತ್ತಿತ್ತು. ‘ಮನೆಗೆ ಹೋಗಿ ಕ್ಲೋನ್ ಮಾಡ್ಕೊಳ್ಳಿ’ ಅಂದಿರಿ, ಅಂದರೆ ಆ್ಯಪಿನ ಫೈಲೆಲ್ಲ ನೆಟ್ಟಿನಿಂದ ಇಳಿಸಿಕೊಳ್ಳೋದು. ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಗುಡ್ಡದ ಮೇಲಿನ ನೀರಿನ ಟ್ಯಾಂಕ್ ಹತ್ತಿರ ಮಾತ್ರ. 60 ಪರ್ಸೆಂಟಿಗೆ ಕಡಿಯಿತು. ಮತ್ತೆ ಸೊನ್ನೆಯಿಂದ. ಐದನೇ ಸಲ ಇಳಿಯುವಷ್ಟರಲ್ಲಿ ಕಾಲಿಗೆ ಎಷ್ಟು ಉಂಬಳ ಹತ್ತಿದ್ದವು ಅಂತ ಕೇಳಬೇಡಿ.

ಇದೆಲ್ಲ ಅಭ್ಯಾಸ ಇದೆ, ಬಿಡಿ. ಕೂತು 14 ಸಾಲು ಅನುವಾದಿಸಿ ಕಳಿಸಿದೆ. ಅಳಿಸಿದ್ದು ಹೋಗಿ ಬೀಳುವ ಜಾಗಕ್ಕೆ ‘ಕಸದಬುಟ್ಟಿ’ ಅಂತ ಬರೆದಿದ್ದೆ. ಮಾರನೇ ದಿನ ನೋಡಿದರೆ ಉಳಿದ ಅಷ್ಟೂ ಸಾಲು ನೀವೇ ಮುಗಿಸಿದ್ದಿರಿ. ನನ್ನ ಕಸದಬುಟ್ಟಿ ‘ತ್ಯಾಜ್ಯಪೆಟ್ಟಿಗೆ’ ಆಗಿತ್ತು. ಯಾಕೆ ಅಂತ ಒಂದು ಮಾತೂ ಇಲ್ಲ.

ಅಷ್ಟೊತ್ತಿಗೆ ಕೊಯ್ಲು ಶುರುವಾಯಿತು. ಅಡಿಕೆ ಸುಲಿಯೋಕೆ ಕೂತೆ. ನಾನು ಸುಲಿದಿದ್ದನ್ನು ಯಾರೂ ರಾತ್ರಿ ಎದ್ದು ಮತ್ತೆ ಸುಲಿಯುವುದಿಲ್ಲ.

ಹಳೇ ಟರ್ಮಿನಲ್, ತೀರ್ಥಹಳ್ಳಿ:
ತ್ಯಾಜ್ಯಪೆಟ್ಟಿಗೆ! ಯಾರ ಮನೆಯಲ್ಲಿದೆ ಮಾರಾಯ್ರೇ ಅದು?

ಕ್ಲೋನ್ ವಿಷಯಕ್ಕೆ ಬರ್ತೀನಿ. ಅರ್ಧಕ್ಕೆ ಕಡಿದರೆ ಗಿಟ್ ನಿಂತಲ್ಲಿಂದ ಮುಂದುವರಿಸುವುದಿಲ್ಲ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಅದನ್ನು ಬರೆದದ್ದು ಲಿನಕ್ಸ್‌ನ ತಿರುಳಾದ ಕರ್ನಲ್ ಕೆಲಸಕ್ಕೆ. ನಮ್ಮ ನೀರಿನ ಟ್ಯಾಂಕ್ ಅವರಿಗೇನು ಗೊತ್ತು? ಕ್ಲೋನ್ ಮಾಡುವಾಗ ಡೆಪ್ತ್ 1 ಅಂತ ಕೊಟ್ಟರೆ ಹಳೇ ಇತಿಹಾಸ ಬಿಟ್ಟು ಈಗಿನ ಫೈಲುಗಳಷ್ಟೇ ಇಳಿಯುತ್ತವೆ. ಇಲ್ಲದಿದ್ದರೆ ಗಿಟ್ ಬಂಡಲ್ ಮಾಡಿ. ಇಡೀ ರೆಪೊ, ಅಂದರೆ ಫೈಲುಗಳೂ ಅವುಗಳ ಇತಿಹಾಸವೂ ಸೇರಿ, ಒಂದೇ ಫೈಲ್ ಆಗುತ್ತದೆ, ಪೆನ್‌ಡ್ರೈವ್‌ಗೆ ಹಾಕಿ ಕೊಡಬಹುದು. ಅದರಿಂದಲೇ ಕ್ಲೋನ್ ಆಗುತ್ತದೆ, ನೆಟ್ ಬೇಡ.

ಅಸಲಿಗೆ ಬರೀ ಅನುವಾದಕ್ಕೆ ಗಿಟ್ ಯಾಕೆ ಕಲಿಸಿದಿರಿ? ವೆಬ್‌ಲೇಟ್ ಅನ್ನೋ ಅನುವಾದದ ಸಾಧನದಲ್ಲಿ ಬ್ರೌಸರಿನಲ್ಲೇ ಬರೆಯಬಹುದು, ಕಮಿಟ್ (ಗಿಟ್‌ನಲ್ಲಿ ಬದಲಾವಣೆ ದಾಖಲಿಸುವುದು) ಅದೇ ಮಾಡಿಕೊಳ್ಳುತ್ತದೆ. ಫೈರ್‌ಫಾಕ್ಸ್ ಅನುವಾದ ನಡೆಯುವ ಪೊಂಟೂನ್ ಕೂಡ ಬ್ರೌಸರಿನದ್ದೇ. ಆದರೆ ಅಲ್ಲೂ ಹೊಸಬರು ಬರೆದದ್ದು ಸಲಹೆಯಾಗಿ ಕೂರುತ್ತದೆ. ಅನುಮತಿ ಇರುವವರು ನೋಡಿ ಒಪ್ಪಬೇಕು. ನೋಡುವವರು ಇಲ್ಲದಿದ್ದರೆ ಯಾವ ಸಾಧನ ಇದ್ದೇನು?

ಒಂದು ಯೋಜನೆಗೆ ನಾನು ಕಳಿಸಿದ ಮೊದಲ ಪ್ಯಾಚ್‌ಗೆ, ಅಂದರೆ ತಿದ್ದುಪಡಿಗೆ, ಎರಡು ತಿಂಗಳು ಉತ್ತರ ಬರಲಿಲ್ಲ. ಯೋಜನೆ ಯಾವುದು ಅಂತ ಬೇಡ. ಅವರ ಸಭೆ ಯುಟಿಸಿ (ಜಾಗತಿಕ ಸಮಯ) 18:00ಕ್ಕೆ, ಅಂದರೆ ನಮಗೆ ರಾತ್ರಿ ಹನ್ನೊಂದೂವರೆ. ತೂಕಡಿಸುತ್ತಾ ಕೂತು ಕೇಳಿದರೆ ‘ನೋಡ್ತೀವಿ’ ಅಂದರು. ಬೈದಿದ್ದರೂ ಉಳಿಯುತ್ತಿದ್ದೆ ಅನ್ಸುತ್ತೆ.

ತುಂಗಾತೀರ:
ಬಿಡುಗಡೆಗೆ ಅರ್ಜೆಂಟ್ ಇತ್ತು ಅಂತ ಬರೆಯಲು ಹೊರಟಿದ್ದೆ. ಅರ್ಜೆಂಟ್ ಏನೂ ಇರಲಿಲ್ಲ. ಕೈ ತುರಿಸಿತು, ಕೂತು ಮುಗಿಸಿದೆ, ಅಷ್ಟೇ. ಇಂಗ್ಲಿಷ್ ಭಯ ಅಂತ ಕೇಳಿದ್ದಕ್ಕೆ ಈಗ ನಾಚಿಕೆಯಾಗ್ತಿದೆ.

ಕಸದಬುಟ್ಟಿ ವಾಪಸ್ ಬಂದಿದೆ, ನೋಡಿ. ಸೆಟ್ಟಿಂಗ್ಸ್ ಪರದೆಯ 38 ಸಾಲು ಹೊಸದಾಗಿ ಬಂದಿವೆ, ಮುಟ್ಟಿಲ್ಲ. ಕೂಟ ಇನ್ನು ಮಧ್ಯಾಹ್ನ ಎರಡಕ್ಕೆ. ಬಂಡಲ್ ಮಾಡಿಟ್ಟಿದ್ದೀನಿ. ಪೆನ್‌ಡ್ರೈವ್ ಯಾರ ಕೈಲಿ ಕಳಿಸಲಿ?

ಹೊಸನಗರದವಳು:
ನಮ್ಮೂರ ಬಸ್ಸಿನ ಕಂಡಕ್ಟರ್ ಕೈಲಿ ಕೊಡಿ. ಕವರ್ ಮೇಲೆ ಅಪ್ಪನ ಹೆಸರು ಬರೀರಿ, ನನ್ನ ಹೆಸರು ಅವರಿಗೆ ಗೊತ್ತಾಗಲ್ಲ. ಸುಲಿಯೋದು ಇನ್ನೊಂದು ವಾರ ಇದೆ, ಆಮೇಲೆ ಮಾಡ್ತೀನಿ. ಅಲ್ಲಿವರೆಗೆ ನೀವು ಮುಟ್ಟಬೇಡಿ.